ಪಟ್ಟಿಯಲ್ಲಿ ಹೆಸರಿದೆಯಾ?

ಊರಿನ ಗ್ಯಾರಂಟಿ ಯೋಜನೆಗಳ ಮಾತು ಬಂದರೆ ಸಾಕು, ಅಮೆರಿಕದಲ್ಲಿರುವ ನಮ್ಮ ಕನ್ನಡಿಗರ ಸಂಘ ಎರಡು ಬಣ ಆಗುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ, ಹೆಂಗಸರಿಗೆ ಫ್ರೀ ಬಸ್, 200 ಯೂನಿಟ್‌ವರೆಗೆ ಕರೆಂಟ್. "ಬಿಟ್ಟಿ ಕೊಟ್ಟು ಜನರನ್ನ ಸೋಮಾರಿ ಮಾಡ್ತಿದಾರೆ" ಅಂತ ಒಂದು ಬಣ. "ಊರಲ್ಲಿರೋ ನಿಮ್ಮ ದೊಡ್ಡಮ್ಮನ್ನ ಕೇಳ್ರಿ, ಆ ದುಡ್ಡಲ್ಲಿ ಬಿಪಿ ಮಾತ್ರೆ ಬರ್ತಾವೆ" ಅಂತ ಇನ್ನೊಂದು. ಈ ಬೇಸಿಗೆಯ ಪಿಕ್ನಿಕ್‌ನಲ್ಲೂ ಅದೇ ಕಥೆ. ತಮಾಷೆ ಏನಂದ್ರೆ, ನಾವು ಜಗಳ ಆಡಿದ್ದು ಇಲಿನಾಯ್ಸ್‌ನ ಸ್ಟಾರ್ವ್ಡ್ ರಾಕ್ ಪಾರ್ಕಿನಲ್ಲಿ. ಮಕ್ಕಳು ಓಡಾಡುತ್ತಿದ್ದ ಕಾಲುದಾರಿಗಳು, ಎಲ್ಲರೂ ಫೋಟೋ ತೆಗೆಸಿಕೊಂಡ ಆ ಮರದ ದಿಮ್ಮಿಗಳ ಲಾಡ್ಜ್, ಇವೆಲ್ಲ 1930ರ ದಶಕದಲ್ಲಿ ಸರ್ಕಾರ ಕೆಲಸವಿಲ್ಲದ ಹುಡುಗರಿಗೆ ಸಂಬಳ ಕೊಟ್ಟು ಮಾಡಿಸಿದ್ದು.

1933ರ ಮಾರ್ಚ್‌ನಲ್ಲಿ ರೂಸ್‌ವೆಲ್ಟ್ ಅಧ್ಯಕ್ಷರಾದಾಗ ಈ ದೇಶದಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. (ಅದೇ 1933ರಲ್ಲಿ ನಮ್ಮ ಮಾರಿಕಣಿವೆ ಜಲಾಶಯ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎರಡಕ್ಕೂ ಸಂಬಂಧ ಏನಿಲ್ಲ, ಹಿರಿಯೂರು ಕಡೆಯವನಾಗಿ ಸುಮ್ನೆ ಹೇಳಿದೆ.) ಅಧಿಕಾರಕ್ಕೆ ಬಂದ ತಿಂಗಳೊಳಗೇ ಸಿಸಿಸಿ (ಸಿವಿಲಿಯನ್ ಕನ್ಸರ್ವೇಶನ್ ಕೋರ್) ಅನ್ನುವ ಯೋಜನೆ ಶುರುವಾಯಿತು. ಹದಿನೆಂಟು ದಾಟಿದ, ಮದುವೆಯಾಗದ ಬಡ ಮನೆ ಹುಡುಗರನ್ನು ಕಾಡಿನ ಕ್ಯಾಂಪಿಗೆ ಕರೆದೊಯ್ದು ಗಿಡ ನೆಡಿಸಿದರು, ದಾರಿ ಮಾಡಿಸಿದರು, ಮಣ್ಣು ಕೊಚ್ಚಿಹೋಗದಂತೆ ತಡೆ ಕಟ್ಟಿಸಿದರು. ಊಟ, ಬಟ್ಟೆ, ಬೂಟು ಎಲ್ಲ ಸರ್ಕಾರದ್ದೇ. ತಿಂಗಳಿಗೆ 30 ಡಾಲರ್ ಸಂಬಳ, ಅದರಲ್ಲಿ ಸುಮಾರು 25 ನೇರವಾಗಿ ಮನೆಗೆ ಹೋಗುತ್ತಿತ್ತು. ಹುಡುಗನ ಕೈಗೆ ಉಳಿದದ್ದು ಐದು ಡಾಲರ್. ಯಾರು ಯೋಚನೆ ಮಾಡಿದರೋ, ಹರೆಯದ ಹುಡುಗರನ್ನ ಚೆನ್ನಾಗಿ ಬಲ್ಲವರೇ ಇರಬೇಕು! ಆ ವರ್ಷದ ಚಳಿಗಾಲದಲ್ಲಿ ರೂಸ್‌ವೆಲ್ಟ್ ಅವರ ಪರಿಹಾರ ಕೆಲಸಗಳನ್ನು ನೋಡಿಕೊಳ್ಳುತ್ತಿದ್ದ ಹ್ಯಾರಿ ಹಾಪ್ಕಿನ್ಸ್ ಇನ್ನೊಂದು ಯೋಜನೆಯಲ್ಲಿ ಒಂದೆರಡು ತಿಂಗಳಲ್ಲೇ ಸುಮಾರು 40 ಲಕ್ಷ ಜನರನ್ನು ಕೆಲಸಕ್ಕೆ ಹಚ್ಚಿದರು.

ನಮ್ಮ ಕಡೆಯವರಿಗೆ ಇದೇನು ಹೊಸದಲ್ಲ ಬಿಡಿ. ಬರ ಬಂದರೆ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಗೋಶಾಲೆ ತೆರೆಯುವುದು, ಕೆರೆ ಹೂಳೆತ್ತಿಸುವುದು, ರಸ್ತೆಗೆ ಜಲ್ಲಿ ಹಾಕಿಸುವುದು, ಇದನ್ನೆಲ್ಲ ನೋಡುತ್ತಲೇ ಬೆಳೆದವರು ನಾವು. 2006ರ ಫೆಬ್ರವರಿಯಲ್ಲಿ ಉದ್ಯೋಗ ಖಾತ್ರಿ ದೇಶದ 200 ಜಿಲ್ಲೆಗಳಲ್ಲಿ ಮೊದಲು ಶುರುವಾದಾಗ ಕರ್ನಾಟಕಕ್ಕೆ ಸಿಕ್ಕಿದ್ದು ಐದೇ ಜಿಲ್ಲೆ, ಅದರಲ್ಲಿ ಚಿತ್ರದುರ್ಗ, ದಾವಣಗೆರೆ ಎರಡೂ ಇದ್ದವು. ಹೆಮ್ಮೆ ಪಡುವ ವಿಷಯ ಅಲ್ಲ, ಗೊತ್ತು.

ಕೂಲಿ ಕೊಡುವುದು ಆ ಹೊತ್ತಿನ ಹೊಟ್ಟೆಗೆ. ಇಲ್ಲಿ ಅಮೆರಿಕದಲ್ಲಿ ಕಾಯಂ ಆಗಿ ಉಳಿದದ್ದು ಕಾನೂನುಗಳು. 1930ರಿಂದ 1933ರವರೆಗಿನ ನಾಲ್ಕು ವರ್ಷಗಳಲ್ಲಿ ಸುಮಾರು 9,000 ಬ್ಯಾಂಕ್ ಮುಳುಗಿದ ಮೇಲೆ ಠೇವಣಿಗೆ ವಿಮೆ ತಂದರು. 1934ರ ಜನವರಿಯಲ್ಲಿ 2,500 ಡಾಲರ್‌ವರೆಗೆ, ಈಗ ಎರಡೂವರೆ ಲಕ್ಷ ಡಾಲರ್‌ವರೆಗೆ. ಬ್ಯಾಂಕಿನ ಕೌಂಟರ್ ಮೇಲೆ ಎಫ್‌ಡಿಐಸಿ ಅಂತ ಪುಟ್ಟ ಫಲಕ ಇರುತ್ತದಲ್ಲ, ಅದೇ. 1935ರಲ್ಲಿ ಸೋಷಿಯಲ್ ಸೆಕ್ಯುರಿಟಿ, ಅಂದರೆ ವಯಸ್ಸಾದ ಮೇಲೆ ಪಿಂಚಣಿ ಕೊಡುವ ಯೋಜನೆ, ಬಂತು. ನಿಮ್ಮ ಸಂಬಳದ ಚೀಟಿಯಲ್ಲಿ 6.2 ಪರ್ಸೆಂಟ್ ಹಿಡಿಯುವ ಸಾಲು ಅದರದ್ದು. ಬಿಟ್ಟಿ ಯೋಜನೆ ಬೇಡ ಅನ್ನುವ ನಮ್ಮ ಗೆಳೆಯರು ರಿಟೈರ್ ಆದ ಮೇಲೆ ಎಷ್ಟು ಬರುತ್ತದೆ ಅಂತ ಲೆಕ್ಕ ಹಾಕುವುದೂ ಇದನ್ನೇ ನಂಬಿ. "ಅದು ನಾವು ಕಟ್ಟಿದ ದುಡ್ಡು" ಅನ್ನುತ್ತಾರೆ. ಸರಿ, ಒಪ್ಪೋಣ. ಆದರೆ ಮೊದಲು ಯಾರಿಗೆ ಕಟ್ಟುವುದಕ್ಕೇ ಬಿಡಲಿಲ್ಲವೋ ಅವರೂ ಇದ್ದರಲ್ಲ?

ನನಗೆ ಮುಖ್ಯ ಅನಿಸುವುದು ಈ ವಿಷಯ. 1935ರ ಆ ಕಾಯ್ದೆಯಲ್ಲಿ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟರು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನ ಜಾಸ್ತಿ ಇದ್ದದ್ದು ಈ ಎರಡು ಕೆಲಸಗಳಲ್ಲೇ. ಹತ್ತಿಯ ಕಥೆ ಇನ್ನೂ ಕೆಟ್ಟದ್ದು. ಬೆಲೆ ಬಿದ್ದುಹೋಗಿದೆ, ಬೆಳೆ ಕಮ್ಮಿ ಮಾಡಿ, ದುಡ್ಡು ಕೊಡುತ್ತೇವೆ ಅಂತ ಸರ್ಕಾರ ಹೇಳಿತು. 1933ರಲ್ಲಿ ಬೆಳೆದು ನಿಂತ ಹತ್ತಿಯ ಮೇಲೇ ನೇಗಿಲು ಹೊಡೆಸಿ ನಾಶ ಮಾಡಿಸಿದರು. ಚೆಕ್ ಬಂದದ್ದು ಜಮೀನಿನ ಮಾಲೀಕನಿಗೆ. ಪಾಲಿಗೆ ಉಳುತ್ತಿದ್ದವನಿಗೆ ಹೊಲವೂ ಹೋಯಿತು, ದುಡ್ಡೂ ಸಿಗಲಿಲ್ಲ, ಎಷ್ಟೋ ಕಡೆ ಮನೆ ಬಿಟ್ಟು ಹೋಗು ಅಂದರು. ಆರ್ಕನ್ಸಾದಲ್ಲಿ ಇಂಥ ರೈತರು, ಕಪ್ಪು ಬಿಳಿ ಅನ್ನದೆ, ಸೇರಿ 1934ರಲ್ಲಿ ಸಂಘ ಕಟ್ಟಿದ್ದು ಇದೇ ಸಿಟ್ಟಿಗೆ. ಶೇಂಗಾ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಬೆಳೆ ಪರಿಹಾರ ಬರುವುದು ಪಹಣಿಯಲ್ಲಿ ಹೆಸರು ಇದ್ದವನಿಗೆ. ಕೋರಿಗೆ, ಅಂದರೆ ಪಾಲಿಗೆ, ಉಳುವವನು, ಬೀಜ ಗೊಬ್ಬರಕ್ಕೆ ಸಾಲ ಮಾಡಿದವನು, ಮಳೆಗೆ ಕಾದವನು, ಅವನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ.

ದಾವಣಗೆರೆಯಲ್ಲೂ ಹಾಗೇ. ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಮಿಲ್ ಕಾರ್ಮಿಕರಿಗೆ ಪಿಎಫ್ ಇತ್ತು, ಇಎಸ್‌ಐ ಇತ್ತು. ಅದೇ ಊರಿನ ಮಂಡಕ್ಕಿ ಭಟ್ಟಿಗೆ ಹೋಗಿ ನೋಡಿ. ಕಾದ ಮರಳಿನಲ್ಲಿ ಅಕ್ಕಿ ಹುರಿಯುವವರು, ಆ ಧಗೆಯ ಪಕ್ಕದಲ್ಲೇ ಕೂತು ಮರಳು ಬೇರೆ ಮಾಡಿ ಜರಡಿ ಹಿಡಿಯುವ ಹೆಂಗಸರು, ಹೊಗೆಗೆ ಕೆಂಪಾದ ಕಣ್ಣು ಸೆರಗಲ್ಲಿ ಒರೆಸಿಕೊಂಡು ಮತ್ತೆ ಚೀಲ ತುಂಬುವವರು. ಇಪ್ಪತ್ತು ಜನಕ್ಕಿಂತ ಕಮ್ಮಿ ಇದ್ದರೆ ಪಿಎಫ್ ಕಾಯ್ದೆ ಕಡ್ಡಾಯ ಅಲ್ಲ. ಒಂದು ಭಟ್ಟಿಯಲ್ಲಿ ಇಪ್ಪತ್ತು ಜನ ಎಲ್ಲಿರುತ್ತಾರೆ?

ರೂಸ್‌ವೆಲ್ಟ್ ಮಾಡಿದ್ದೆಲ್ಲ ಸರಿ ಅಂತ ನಾನು ವಾದ ಮಾಡುತ್ತಿಲ್ಲ. 1937ರಲ್ಲಿ ಖರ್ಚಿಗೆ ಕತ್ತರಿ ಹಾಕಿದ ಮೇಲೆ ನಿರುದ್ಯೋಗ ಮತ್ತೆ ಏರಿತು, ಪೂರ್ತಿ ಇಳಿದದ್ದು ಯುದ್ಧದ ಕಾರ್ಖಾನೆಗಳು ಶುರುವಾದ ಮೇಲೇ. ಆದರೆ ಜನ ಸೋಮಾರಿಗಳಾಗುತ್ತಾರೆ ಅನ್ನುವ ಗಲಾಟೆ ಆಗಲೂ ಇತ್ತು, ರಸ್ತೆ ಕೆಲಸದವರು ಗುದ್ದಲಿಗೆ ಒರಗಿ ನಿಂತಿರುತ್ತಾರೆ ಅಂತ ಕಾರ್ಟೂನ್ ಬೇರೆ. ಆ ಗಲಾಟೆಯಲ್ಲಿ ಹೊರಗೆ ಉಳಿದವರ ಬಗ್ಗೆ ಕೇಳುವವರು ಕಮ್ಮಿ ಇದ್ದರು. ಮನೆಗೆಲಸದವರನ್ನೂ ಹೊಲದ ಕೂಲಿಗಳನ್ನೂ ಸೋಷಿಯಲ್ ಸೆಕ್ಯುರಿಟಿಗೆ ಸೇರಿಸಲು ಶುರು ಮಾಡಿದ್ದೇ 1950ರಲ್ಲಿ, ಅದೂ ಕಾಯಂ ಕೆಲಸ ಇದ್ದವರನ್ನು ಮಾತ್ರ ಮೊದಲು.

ಹಾಗಾಗಿ ನಮ್ಮ ಸಂಘದ ಪತ್ರಿಕೆಯ ಮುಂದಿನ ಸಂಚಿಕೆಗೆ ಒಂದು ಕೋರಿಕೆ. ಗ್ಯಾರಂಟಿ ಒಳ್ಳೆಯದಾ ಕೆಟ್ಟದ್ದಾ ಅಂತ ಲೇಖನ ಕಳಿಸಬೇಡಿ, ಬೇಕಾದಷ್ಟು ಬಂದಿವೆ. ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಅಕ್ಕಪಕ್ಕದಲ್ಲಿ ಅರ್ಜಿ ಹಾಕಿಯೂ ಸಿಗದೇ ಇರುವವರು ಯಾರು, ಯಾವ ಕಾಗದ ಇಲ್ಲ ಅಂತ ವಾಪಸ್ ಕಳಿಸಿದರು, ಇಷ್ಟು ಕೇಳಿ. ಹೆಸರು ಬೇಡ, ಊರು ಸಾಕು. ಎರಡು ಪುಟ ಖಾಲಿ ಇಟ್ಟಿರುತ್ತೇನೆ.