ಮಾಲೆಯಲ್ಲಿ ಮಾನ ಹೋಗಿದ್ದು ನಮ್ದು, ಎಎಫ್‌ಸಿಗೆ ಏನಾಯ್ತು?

ಮಾನ್ಯ ಸಂಪಾದಕರೇ,

ನಿಮ್ಮ ಪೇಪರಲ್ಲಿ ಮಾಲ್ಡೀವ್ಸ್ ರಾಜಧಾನಿ ಮಾಲೆಯ ಸುದ್ದಿ ಓದಿದಾಗಿಂದ ಮೈ ಉರೀತಿದೆ. ನಮ್ಮ ಬೆಂಗಳೂರು ಫುಟ್‌ಬಾಲ್ ಕ್ಲಬ್ (ಬಿಎಫ್‌ಸಿ)ನವರು 2021ರ ಮೇನಲ್ಲಿ ಏಷ್ಯಾದ ಕ್ಲಬ್ಬುಗಳ ಟೂರ್ನಿ ಎಎಫ್‌ಸಿ ಕಪ್‌ನ ಪ್ಲೇ-ಆಫ್ (ಅರ್ಹತಾ ಪಂದ್ಯ) ಆಡೋಕೆ ಅಂತ ಹೋಗಿ, ಕೊರೊನಾ ಪ್ರೋಟೋಕಾಲ್ ಮುರಿದು ಊರು ಸುತ್ತಿ, ಅಲ್ಲಿನ ಕ್ರೀಡಾ ಮಂತ್ರಿ ಕೈಲಿ ದೇಶ ಬಿಟ್ಟು ಹೊರಡಿ ಅಂತ ಉಗಿಸ್ಕೊಂಡಿದ್ದು ಎಲ್ರಿಗೂ ಗೊತ್ತಿರೋದೇ. ಓನರ್ ಟ್ವಿಟರಲ್ಲಿ ಕ್ಷಮೆ ಕೇಳಿದ್ರು, ಕೇಳ್ಲೇಬೇಕಿತ್ತು. ಆದ್ರೆ ಕ್ವಾಲಾಲಂಪುರದಲ್ಲಿ ಕೂತಿರೋ ಏಷ್ಯನ್ ಫುಟ್‌ಬಾಲ್ ಕಾನ್ಫೆಡರೇಶನ್ (ಎಎಫ್‌ಸಿ) ಅನ್ನೋ ದೊಡ್ಡ ಮನೆಯವರನ್ನ ಯಾಕೆ ಯಾರೂ ಏನೂ ಕೇಳ್ತಿಲ್ಲ?

ಮೇ 4ಕ್ಕೆ ಐಪಿಎಲ್ಲೇ ನಿಂತೋಯ್ತು ಸ್ವಾಮಿ, ಅಷ್ಟು ದುಡ್ಡಿನ ಐಪಿಎಲ್ಲು! ಅದನ್ನ ನೋಡಿಯೂ ಇವ್ರಿಗೆ ಮೇ 11ಕ್ಕೆ ಮಾಲೆಯಲ್ಲಿ ಮ್ಯಾಚ್ ಆಡಿಸ್ಲೇಬೇಕಿತ್ತು. ಏಪ್ರಿಲಲ್ಲಿ ಗೋವಾದಲ್ಲಿ ಏಷ್ಯನ್ ಚಾಂಪಿಯನ್ಸ್ ಲೀಗ್ ಇಟ್ಕೊಂಡು ಇರಾನಿಂದ ಪರ್ಸೆಪೊಲಿಸ್, ಕತಾರಿಂದ ಅಲ್ ರಯ್ಯಾನ್ ಎಲ್ಲ ಕರೆಸಿ ಆಡಿಸಿದ್ರು, ಏನೋ ಬಚಾವಾದ್ರು, ಅದೇ ಧೈರ್ಯ ಇರ್ಬೇಕು. ಈಗ ಗಲಾಟೆ ಆದ್ಮೇಲೆ ಮಾತ್ರ ಪಂದ್ಯ ಮುಂದೂಡಲಾಗಿದೆ ಅಂತ ಚೆಂದದ ಇಂಗ್ಲಿಷಲ್ಲಿ ಪ್ರಕಟಣೆ ಬರುತ್ತೆ. ಅಬ್ಬಾ, ಏನು ದೂರದೃಷ್ಟಿ.

ನಮ್ಮ ಪಾಡು ಕೇಳಿ. ಮೇ 10ರಿಂದ ಪೂರ್ತಿ ಲಾಕ್‌ಡೌನ್, ಬೆಳಿಗ್ಗೆ ಹತ್ತರೊಳಗೆ ದಿನಸಿ ತಂದಾಗಿರ್ಬೇಕು, ಅದೂ ಗಾಡಿ ತೆಗೆಯೋ ಹಾಗಿಲ್ಲ, ಮಂಡಿನೋವು ಇಟ್ಕೊಂಡು ಅಕ್ಕಿ ಚೀಲ ಹೊತ್ಕೊಂಡು ಬರ್ತಿದ್ರೆ ಸರ್ಕಲ್ಲಲ್ಲಿ ಲಾಠಿ ಹಿಡ್ಕೊಂಡು ಎಲ್ಲಿಗೆ ಅಂತ ಕೇಳ್ತಾರೆ, ಚೀಲ ಕಾಣಲ್ವೇನ್ರೀ! ನಮ್ಮತ್ತೆಗೆ ಎರಡನೇ ಡೋಸ್‌ಗೆ ಅಂತ ಹೋದ್ರೆ ಸ್ಟಾಕಿಲ್ಲ ಅಂತ ಬೋರ್ಡು. ಮಂಗಳವಾರದ ಮ್ಯಾಚ್ ಒಂದಾದ್ರೂ ನೋಡೋಣ ಅಂತ ಸ್ಪೋರ್ಟ್ಸ್ ಪ್ಯಾಕ್‌ಗೆ ದುಡ್ಡು ಬೇರೆ ಕಟ್ಟಿದ್ದೆ. ಅದೂ ಹೋಯ್ತು. ಇಲ್ಲಿ ನಾವು ಹಾಲಿಗೆ ಹೋಗೋಕೂ ಹೆದರ್ತಿದ್ರೆ ಅಲ್ಲಿ ಅವ್ರಿಗೆ ವಾಕಿಂಗು.

ಬೇಜಾರಾಗೋದು ಯಾಕಂದ್ರೆ ಇದೇ ಕಪ್ಪಲ್ಲಿ 2016ರಲ್ಲಿ ಕಂಠೀರವದಲ್ಲಿ ಹಿಂದಿನ ವರ್ಷದ ಚಾಂಪಿಯನ್ ಮಲೇಷ್ಯಾದ ಜೋಹರ್ ಟೀಮನ್ನ 3-1ರಲ್ಲಿ ಸೋಲಿಸಿ, ಭಾರತದ ಯಾವ ಕ್ಲಬ್ಬೂ ಹೋಗದ ಫೈನಲ್‌ಗೆ ಹೋಗಿದ್ದವರು ನಾವು. ದೋಹಾದಲ್ಲಿ ಇರಾಕಿನ ಏರ್‌ಫೋರ್ಸ್ ಟೀಮ್ ಮುಂದೆ ಒಂದು ಗೋಲಲ್ಲಿ ಸೋತ್ರೂ ತಲೆ ಎತ್ಕೊಂಡೇ ಬಂದ್ವಿ. 2020ರಲ್ಲಿ ಅದೇ ಕಂಠೀರವದಲ್ಲಿ ಮಾಲ್ಡೀವ್ಸಿನ ಮಾಜಿಯಾ ಎದುರು ಪೆನಾಲ್ಟಿಯಲ್ಲಿ ಸೋತಿದ್ದೂ ಸಹಿಸ್ಕೊಂಡ್ವಿ. ಇದನ್ನ ಹೇಗೆ ಸಹಿಸ್ಕೊಳ್ಳೋದು?

ನಮ್ಮ ಸರ್ಕಾರದವರೇನು ಕಮ್ಮಿನಾ. 2019ರಲ್ಲಿ ಗ್ರೌಂಡ್ ಕೊಡೋ ವಿಷಯದಲ್ಲಿ ಎಳೆದಾಡಿ ಟೀಮು ಪುಣೆಗೆ ಗಂಟುಮೂಟೆ ಕಟ್ಟೋ ಹಾಗೆ ಮಾಡಿದ್ರು, ಆಮೇಲೆ ಹೇಗೋ ಉಳೀತು. ಅಥ್ಲೆಟಿಕ್ಸ್‌ನವ್ರಿಗೂ ಸಮಾಧಾನ ಇಲ್ಲ, ಫುಟ್‌ಬಾಲ್‌ನವ್ರಿಗೂ ಇಲ್ಲ. ನಮ್ಮ ಏರಿಯಾ ಗ್ರೌಂಡ್‌ಗೆ ಲೈಟ್ ಹಾಕ್ಸಿ ಅಂತ ಅರ್ಜಿ ಕೊಟ್ರೆ ಒಬ್ಬ ಸಾಹೇಬ್ರು ಫೈಲು ಮೇಲಕ್ಕೆ ಹೋಗಿದೆ ಅಂದ್ರು, ಆ ಮೇಲು ಎಲ್ಲಿದೆ ಅಂತ ಇವತ್ತಿಗೂ ಗೊತ್ತಾಗಿಲ್ಲ. ಹುಡುಗ್ರು ಕತ್ತಲಲ್ಲೇ ಆಡ್ತವೆ. ಅದೇ ಬೇರೆ ಯಾರದ್ದೋ ಫಂಕ್ಷನ್‌ಗೆ ಪೆಂಡಾಲು ಹಾಕೋಕಾದ್ರೆ ಒಂದೇ ದಿನಕ್ಕೆ ಪರ್ಮಿಷನ್ನು.

47 ದೇಶ-ಪ್ರದೇಶಗಳ ಸಂಸ್ಥೆ ಅಂತ ಹೇಳ್ಕೊಳ್ಳೋ ಎಎಫ್‌ಸಿಯವರು ಈ ಟೈಮಲ್ಲಿ ಯಾಕೆ ಆಡಿಸೋಕೆ ಹೊರಟ್ರಿ ಅನ್ನೋದಕ್ಕೆ ಉತ್ತರ ಕೊಡ್ಬೇಕು, ಸುತ್ತೋಕೆ ಹೋದವ್ರ ಮೇಲೆ ಕ್ಲಬ್ಬೂ ಕ್ರಮ ತಗೋಬೇಕು, ನಮ್ಮ ಕ್ರೀಡಾ ಇಲಾಖೆಯೂ ಒಂದ್ಸಲ ಕಣ್ಣು ಬಿಡ್ಬೇಕು. ಯಾರು ಮೊದಲು ಮಾಡ್ತಾರೋ ಮಾಡ್ಲಿ. ಮಾಡಲ್ಲ ಅಂತ ಗೊತ್ತು, ನಾಚಿಕೆ ಅನ್ನೋದು ಇವ್ರಲ್ಲಿ ಒಬ್ಬರಿಗಾದ್ರೂ ಇದ್ರೆ ತಾನೇ!

— ಬಿಎಫ್‌ಸಿ ಅಭಿಮಾನಿ, ಆಸ್ಟಿನ್ ಟೌನ್, ಬೆಂಗಳೂರು