ಮಾದರಿ ಪರೀಕ್ಷಿಸದೆ ಚುಚ್ಚಿದ ಸೂಜಿಯ ಬಗ್ಗೆ ದೂರು

ವ್ಯವಸ್ಥಾಪಕರು,
ಗ್ರಾಹಕ ದೂರು ವಿಭಾಗ, ಪಶುವೈದ್ಯಕೀಯ ಸೇವೆ

ಮಾನ್ಯರೇ,

ಇದು ನನ್ನ ನಾಲ್ಕನೇ ದೂರು. ಮೊದಲ ಮೂರನ್ನು ಫೋನಿನಲ್ಲಿ ಹೇಳಿದ್ದರಿಂದ ನಿಮ್ಮಲ್ಲಿ ದಾಖಲೆ ಇಲ್ಲವಂತೆ. ಅದಕ್ಕೇ ಈ ಸಲ ಕಾಗದ. ಮರುಕಳಿಸಿದ ಕೆಚ್ಚಲು ಬಾವಿಗೆ ಮೊದಲು ಏನು ಮಾಡಬೇಕೆಂದು ನಿಮ್ಮ ನಿಯಮಾವಳಿಯಲ್ಲೇ ಇದೆ. ಅದನ್ನು ನಿಮಗೇ ಓದಿ ಹೇಳುವ ಉದ್ಧಟತನ ಮಾಡುವುದಿಲ್ಲ.

ಕಳೆದ ತಿಂಗಳು ನನ್ನ ಹಸುವಿನ ಕೆಚ್ಚಲಿನ ಹಿಂದಿನ ಎಡಭಾಗ ಬಾತುಕೊಂಡಿತು. ನಿಮ್ಮ ವೈದ್ಯರು ಎನ್ರೊಫ್ಲಾಕ್ಸಸಿನ್ ಎಂಬ ಸೂಕ್ಷ್ಮಾಣುನಾಶಕ ಔಷಧ ಚುಚ್ಚಿ, ಮೂರು ದಿನ ಬರುತ್ತೇನೆಂದವರು ಒಂದೇ ದಿನಕ್ಕೆ ನಿಲ್ಲಿಸಿದರು. ಊತ ಇಳಿದಂತೆ ಕಂಡಿತು. ಹನ್ನೆರಡನೇ ದಿನ ಮತ್ತೆ ಗಟ್ಟಿಯಾಯಿತು. ಕಪ್ಪು ಬಟ್ಟೆಯ ಮೇಲೆ ಹಿಂಡಿದರೆ ಮೊದಲ ಧಾರೆಯಲ್ಲೇ ಮೊಸರಿನಂಥ ಚೂರುಗಳು.

ಎರಡನೇ ಭೇಟಿಯನ್ನು ತುಸು ವಿವರವಾಗಿ ಹೇಳಬೇಕಾಗಿದೆ, ಕ್ಷಮಿಸಿ. ಅವರು ಬರುವ ಮೊದಲೇ ನಾನು ತೊಟ್ಟಿನ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಮೊದಲ ಧಾರೆಗಳನ್ನು ಚೆಲ್ಲಿ, ಪ್ರಯೋಗಾಲಯದಿಂದ ತಂದ ಕ್ರಿಮಿರಹಿತ ಶೀಶೆಗೆ ಹಾಲಿನ ಮಾದರಿ ಹಿಡಿದಿಟ್ಟಿದ್ದೆ. ಸೂಜಿ ಚುಚ್ಚಿದ ಮೇಲೆ ಮಾದರಿ ತೆಗೆದರೆ ಫಲಿತಾಂಶ ಕೆಡುತ್ತದೆಂದು ತಿಳಿದೇ ಈ ಅವಸರ. ವೈದ್ಯರು ಔಷಧದ ಪ್ರಮಾಣಕ್ಕೆ ಬೇಕಾದ ಹಸುವಿನ ತೂಕವನ್ನು ಟೇಪಿನಿಂದ ಅಂದಾಜಿಸಲೂ ಇಲ್ಲ, ಅವರ ಕಣ್ಣೇ ತಕ್ಕಡಿ. ಅದೇ ಔಷಧವನ್ನು ಸಿರಿಂಜಿಗೆ ಎಳೆಯತೊಡಗಿದರು. ನಾನು ಶೀಶೆ ಮುಂದೆ ಹಿಡಿದು, “ಕಲ್ಚರ್ ಪರೀಕ್ಷೆಗೆ ಕಳುಹಿಸಬಹುದೇ?” ಎಂದೆ.

“ಕಲ್ಚರ್ ಎಂದರೆ ಏನೆಂದು ಗೊತ್ತೇ ನಿಮಗೆ?”

ಯಾವ ಸೂಕ್ಷ್ಮಾಣು, ಅದಕ್ಕೆ ಯಾವ ಔಷಧ ತಾಗುತ್ತದೆ ಎಂಬುದು ತಿಳಿಯುತ್ತದೆ ಎಂದು ಹೇಳಿದೆ. ಅವರು ಉತ್ತರಿಸದೆ ತಮ್ಮ ಸಹಾಯಕನತ್ತ ತಿರುಗಿ, “ಇವರಿಗೆ ನನ್ನ ಸ್ಟೆತಸ್ಕೋಪ್ ಕೊಡಪ್ಪ” ಎಂದರು. ಅವನು ತಮಾಷೆಯೆಂದು ತಿಳಿಯದೆ ನಿಜವಾಗಿಯೂ ಅದನ್ನು ಚೀಲದಿಂದ ತೆಗೆದು ನನ್ನ ಕೈಗೆ ನೀಡಿದ. ಹಾಲು ಕರೆಯುವ ಹುಡುಗ ನಕ್ಕ. ಎಡಗೈಯಲ್ಲಿ ಶೀಶೆ, ಮುಂದೆ ಸ್ಟೆತಸ್ಕೋಪ್. ನಾನು ಯಾವುದನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದೆ. “ಶೀಶೆಯನ್ನು ನೆನಪಿಗೆ ಇಟ್ಟುಕೊಳ್ಳಿ” ಎಂದು ಹೇಳಿ, ಸೂಜಿ ಚುಚ್ಚಿ, ಔಷಧದ ಬಾಟಲಿಯನ್ನು ಜೇಬಿಗಿಳಿಸಿ ಹೊರಟರು. ಹಾಗಾಗಿ ಔಷಧ ಬೆರೆತ ಹಾಲನ್ನು ಎಷ್ಟು ದಿನ ಚೆಲ್ಲಬೇಕೆಂದು ಬಾಟಲಿಯ ಮೇಲಿನ ಚೀಟಿಯಲ್ಲಿ ಓದುವ ಅವಕಾಶವೂ ಸಿಗಲಿಲ್ಲ. ನೀವು ಕೊಟ್ಟ ಚಿಕಿತ್ಸೆಯ ಚೀಟಿಯಲ್ಲೂ ಆ ಜಾಗ ಖಾಲಿ.

ನಾನು ಶೀಶೆಯನ್ನು ನೆನಪಿಗೆ ಇಟ್ಟುಕೊಳ್ಳಲಿಲ್ಲ, ನನ್ನ ಖರ್ಚಿನಲ್ಲೇ ಪರೀಕ್ಷೆಗೆ ಕೊಟ್ಟೆ. ಪ್ರಯೋಗಾಲಯದವರು ಸೂಕ್ಷ್ಮಾಣು ಬೆಳೆಸಿದ ತಟ್ಟೆಯನ್ನೇ ತೋರಿಸಿದರು: ಒಂದೊಂದರಲ್ಲಿ ಒಂದೊಂದು ಔಷಧವಿರುವ ಬಿಳಿ ಬಿಲ್ಲೆಗಳು, ಕೆಲವುಗಳ ಸುತ್ತ ಸೂಕ್ಷ್ಮಾಣು ಬೆಳೆಯದ ಅಗಲವಾದ ಉಂಗುರ. ಎನ್ರೊಫ್ಲಾಕ್ಸಸಿನ್ ಬಿಲ್ಲೆಯನ್ನು ಮಾತ್ರ ಸ್ಟಫಿಲೋಕಾಕಸ್ ಆರಿಯಸ್ ಎಂಬ ಸೂಕ್ಷ್ಮಾಣು ಅಂಚಿನವರೆಗೂ ಮುತ್ತಿಕೊಂಡಿತ್ತು, ಅಂದರೆ ಆ ಔಷಧ ಅದಕ್ಕೆ ತಾಗುವುದೇ ಇಲ್ಲ. ನಿಮ್ಮ ಮೊದಲ ಅರೆಬರೆ ಚಿಕಿತ್ಸೆಯಿಂದ ಹೀಗಾಯಿತೋ, ಮೊದಲೇ ಹಾಗಿತ್ತೋ ನಾನು ಹೇಳಲಾರೆ. ಹೇಳಬೇಕೆಂದರೆ ಮೊದಲ ಸಲವೇ ಪರೀಕ್ಷೆ ಮಾಡಿಸಬೇಕಿತ್ತು. ಪೆನಿಸಿಲಿನ್ ಅನ್ನು ಕಡಿಮೆ ಪ್ರಮಾಣದಲ್ಲಿ ಬಳಸಿದರೆ ಸೂಕ್ಷ್ಮಾಣುಗಳು ಸಾಯದೆ ಅದಕ್ಕೆ ಒಗ್ಗಿಕೊಳ್ಳುತ್ತವೆ ಎಂದು ಅದನ್ನು ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು. ಆ ಸುದ್ದಿ ನಿಮ್ಮ ಶಾಖೆಗೆ ತಲುಪಲು ಇನ್ನಷ್ಟು ಕಾಲ ಬೇಕಾಗಬಹುದು.

ಹಸುವಿನ ಮೈಯಲ್ಲಿ ಎನ್ರೊಫ್ಲಾಕ್ಸಸಿನ್‌ನ ಒಂದು ಪಾಲು ಸಿಪ್ರೊಫ್ಲಾಕ್ಸಸಿನ್ ಆಗುತ್ತದೆ, ಮನುಷ್ಯರಿಗೆ ಕೊಡುವ ಅದೇ ಔಷಧ. ಈ ಔಷಧಗಳ ಗುಂಪನ್ನು ವಿಶ್ವ ಆರೋಗ್ಯ ಸಂಸ್ಥೆ ಅತ್ಯಂತ ಜೋಪಾನವಾಗಿ ಬಳಸಬೇಕಾದವುಗಳ ಪಟ್ಟಿಯಲ್ಲಿಟ್ಟಿದೆ. ಹಾಲು ಕರೆಯುವವರು ನಾವು, ಆ ಕೆಚ್ಚಲನ್ನು ದಿನಕ್ಕೆರಡು ಸಲ ಮುಟ್ಟುವವರೂ ನಾವೇ. ನಾಳೆ ನಮ್ಮ ಗಾಯಕ್ಕೂ ಔಷಧ ತಾಗದಿದ್ದರೆ ಯಾರ ಸ್ಟೆತಸ್ಕೋಪ್ ಕೇಳಬೇಕು?

ನನ್ನ ಹಸುವಿಗೆ ಈಗ ಮೂರೇ ತೊಟ್ಟಿನಲ್ಲಿ ಹಾಲು. ನಿಮ್ಮ ಫೋನ್ ಸಿಬ್ಬಂದಿ ಮುಂದಿನ ಭೇಟಿಯನ್ನು ಉಚಿತವಾಗಿ ಕೊಡುವುದಾಗಿ ಹೇಳಿದ್ದಾರೆ. ದಯವಿಟ್ಟು ಯಾರನ್ನೂ ಕಳುಹಿಸಬೇಡಿ. ಎರಡೂ ಭೇಟಿಗಳ ಪೂರ್ಣ ದಾಖಲೆಯನ್ನು, ಕೊಟ್ಟ ಔಷಧ, ಅದರ ಪ್ರಮಾಣ ಮತ್ತು ಹಾಲು ಬಳಸಬಾರದ ಅವಧಿಯ ಸಮೇತ, ಏಳು ದಿನಗಳೊಳಗೆ ಲಿಖಿತವಾಗಿ ಕಳುಹಿಸಿ. ಬರದಿದ್ದರೆ ಪ್ರಯೋಗಾಲಯದ ವರದಿಯೊಂದಿಗೆ ಪಶುವೈದ್ಯ ಪರಿಷತ್ತಿಗೂ ಗ್ರಾಹಕ ನ್ಯಾಯಾಲಯಕ್ಕೂ ಹೋಗುತ್ತೇನೆ. ಕಲ್ಚರ್ ಎಂದರೆ ಏನೆಂದು ಅಲ್ಲಿ ನಿಮ್ಮ ವೈದ್ಯರೇ ವಿವರಿಸಲಿ.

ಇಂತಿ,
ಹಸುವಿನ ಮಾಲೀಕ