ಹೊಟ್ಟೆ ನುಲಿತದ ಮಾತ್ರೆ ನುಂಗುವ ಮೊದಲು ಓದಿ

ಎಲ್ಲರ ಗಮನಕ್ಕೆ. ಮುಟ್ಟಿನ ನೋವಿಗೆ, ಹೊಟ್ಟೆ ನುಲಿತಕ್ಕೆ ಮನೆಮನೆಯಲ್ಲೂ ನುಂಗುವ ಮೆಫ್ಟಾಲ್ ಸ್ಪಾಸ್‌ನಲ್ಲಿ ಎರಡು ಔಷಧಿಗಳಿವೆ. ಡೈಸೈಕ್ಲೊಮಿನ್ 10 ಮಿ.ಗ್ರಾಂ ಸ್ನಾಯುಗಳ ಬಿಗಿತ ಸಡಿಲಿಸುತ್ತದೆ. ಮೆಫೆನಾಮಿಕ್ ಆಮ್ಲ 250 ಮಿ.ಗ್ರಾಂ ನೋವು ತಗ್ಗಿಸುತ್ತದೆ, ಆದರೆ ಜಠರವನ್ನು ಕೆರಳಿಸುತ್ತದೆ. ಊಟವಾದ ಮೇಲೇ ತೆಗೆದುಕೊಳ್ಳಿ. ಅಲ್ಸರ್, ಕಿಡ್ನಿ ತೊಂದರೆ ಇದ್ದವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಮೈಮೇಲೆ ದದ್ದು, ಜ್ವರ ಬಂದರೆ ತಕ್ಷಣ ನಿಲ್ಲಿಸಿ, ವೈದ್ಯರಿಗೆ ತೋರಿಸಿ.

ಡೈಸೈಕ್ಲೊಮಿನ್‌ನಿಂದ ಬಾಯಿ ಒಣಗಿ ಕಣ್ಣು ಮಂಜಾಗಬಹುದು. ಆಗ ಗಾಡಿ ಓಡಿಸಬೇಡಿ. ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆ) ಇದ್ದವರಿಗೆ, ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರ ಕಟ್ಟುವ ಹಿರಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಇದು ಬೇಡ. ಆರು ತಿಂಗಳೊಳಗಿನ ಕೂಸಿಗಂತೂ ಇದರ ಹನಿ ಹಾಕಲೇಬೇಡಿ, ಉಸಿರಾಟಕ್ಕೇ ತೊಂದರೆಯಾದೀತು.

ನೋವು ಬಲಗಡೆ ಕೆಳಹೊಟ್ಟೆಗೆ ಇಳಿದರೆ, ಹೊಟ್ಟೆ ಗಟ್ಟಿಯಾದರೆ, ವಾಂತಿಯ ಜೊತೆ ಗಾಳಿ-ಮಲ ನಿಂತರೆ ಮಾತ್ರೆ ಹುಡುಕುತ್ತ ಕೂರದೆ ಆಸ್ಪತ್ರೆಗೆ ಹೊರಡಿ.